ಡಿಫ್ಯೂಷನ್ ಆಗಿದೆ, ಇನ್ನು ಪರ್ಫ್ಯೂಷನ್ ಬೇಕೇ?

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕಿನ ಒಂದು ಹಳ್ಳಿ. ಅಪ್ಪನಿಗೆ 62 ವರ್ಷ. ಕಬ್ಬು, ಸ್ವಲ್ಪ ದ್ರಾಕ್ಷಿ ಮಾಡುತ್ತಾರೆ. ಸಕ್ಕರೆ ಕಾಯಿಲೆ ಮತ್ತು ಬಿಪಿ ಹಳೆಯವು. ಕಳೆದ ವಾರ ಸೋಮವಾರ ಬೆಳಿಗ್ಗೆ ಚಹಾ ಕುಡಿಯುವಾಗ ಬಲಗೈಯಿಂದ ಕಪ್ಪು ಜಾರಿ ಬಿತ್ತು, ಮಾತು ತೊದಲಿತು. ಅರ್ಧ ಗಂಟೆಯಲ್ಲಿ ಎಲ್ಲ ಮೊದಲಿನಂತಾಯಿತು. ಅವತ್ತೇ ಮಾಡಿಸಿದ ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಬುಧವಾರ ವಿಜಯಪುರದಲ್ಲಿ ಎಂಆರ್‌ಐ ಮಾಡಿಸಿದಾಗ ‘ಎಡಗಡೆ ಗಡಿ ವಲಯದಲ್ಲಿ ಸಣ್ಣ ಸಣ್ಣ ಡಿಫ್ಯೂಷನ್ ರಿಸ್ಟ್ರಿಕ್ಷನ್’ ಎಂದು ಬರೆದಿದ್ದಾರೆ. ಕುತ್ತಿಗೆಯ ಡಾಪ್ಲರ್‌ನಲ್ಲಿ ಎಡ ಕೆರೋಟಿಡ್ ರಕ್ತನಾಳ ಸುಮಾರು 80 ಶೇಕಡಾ ಕಿರಿದಾಗಿದೆಯಂತೆ. ಈಗ ಬೆಳಗಾವಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು ಪರ್ಫ್ಯೂಷನ್ ಎಂಆರ್‌ಐ ಮಾಡಿಸಿ ಎನ್ನುತ್ತಾರೆ. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6 ಇದೆ. ‘ಬಣ್ಣದ ಔಷಧ ಹಾಕಿದರೆ ಕಿಡ್ನಿ ಹೋಗ್ತದ, ಪದೇ ಪದೇ ಮಿಷನ್ ಒಳಗ ಹಾಕಬ್ಯಾಡ್ರಿ, ಆರಾಮ ಅದಾರಲ್ಲ’ ಎಂದು ಮನೆಯವರು ತಡೆಯುತ್ತಿದ್ದಾರೆ. ಒಮ್ಮೆ ಮಾಡಿದ ಎಂಆರ್‌ಐ ಮತ್ತೆ ಯಾಕೆ? ಇಂಜೆಕ್ಷನ್ ಇಲ್ಲದೆ ಆಗುವುದಿಲ್ಲವೇ? ಅಪ್ಪ ಮೊದಲಿನಂತೆ ತೋಟಕ್ಕೆ ಹೋಗಬಹುದೇ?

ಉತ್ತರ: ಪತ್ರ ಬಂದ ದಿನವೇ ಮುಖ್ಯವಾದ ಮಾತನ್ನು ನಿಮಗೆ ಫೋನಿನಲ್ಲಿ ಹೇಳಿದ್ದೇನೆ. ಇಲ್ಲಿ ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ, ಯಾಕೆಂದರೆ ಬಾಗಲಕೋಟೆಯ ನನ್ನ ಸ್ಕ್ಯಾನ್ ಕೋಣೆಯ ಹೊರಗೆ ಇದೇ ಚರ್ಚೆ ವಾರಕ್ಕೊಮ್ಮೆಯಾದರೂ ನಡೆಯುತ್ತದೆ. 1.6 ಕ್ರಿಯಾಟಿನಿನ್‌ಗೆ ಆ ಇಂಜೆಕ್ಷನ್ ನಿಷಿದ್ಧವಲ್ಲ. ಪರ್ಫ್ಯೂಷನ್, ಅಂದರೆ ಮೆದುಳಿಗೆ ರಕ್ತ ಎಷ್ಟು ಸೇರುತ್ತಿದೆ ಎಂದು ನೋಡುವುದು, ಉಪಯೋಗಕ್ಕೆ ಬರುವ ಪರೀಕ್ಷೆ ಹೌದು, ಆದರೆ ನಿಮ್ಮ ತಂದೆಯ ವಿಷಯದಲ್ಲಿ ತುರ್ತಾಗಿ ತೀರ್ಮಾನ ಆಗಬೇಕಿರುವುದು ಕುತ್ತಿಗೆಯ ರಕ್ತನಾಳದ್ದು. ಪರ್ಫ್ಯೂಷನ್ ಮಾಡಿಸಬೇಕೋ ಬೇಡವೋ ಎಂಬ ಜಗ್ಗಾಟದಲ್ಲಿ ಆ ತೀರ್ಮಾನ ಹಿಂದೆ ಬೀಳಬಾರದು.

ಮೊದಲು ಆ ನಾರ್ಮಲ್ ಸಿಟಿಯ ಮಾತು. ಸಿಟಿ ಮಾಡಿದವರು ತಪ್ಪೇನೂ ಮಾಡಿಲ್ಲ. ಲಕ್ವಾದ ಲಕ್ಷಣ ಕಂಡಾಗ ಮೊಟ್ಟಮೊದಲು ಗೊತ್ತಾಗಬೇಕಾದ್ದು ಮೆದುಳಿನಲ್ಲಿ ರಕ್ತಸ್ರಾವ ಆಗಿದೆಯೇ ಎಂಬುದು. ಅದನ್ನು ಸಿಟಿ ಎರಡು ನಿಮಿಷದಲ್ಲಿ ಹೇಳುತ್ತದೆ. ಅದು ತಿಳಿಯದೆ ರಕ್ತ ತೆಳು ಮಾಡುವ ಮಾತ್ರೆ ಕೊಡುವಂತಿಲ್ಲ. ಆದರೆ ರಕ್ತ ಸಿಗದೆ ಸೊರಗಿದ ಜಾಗ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದೇ ಇರುವುದೇ ಹೆಚ್ಚು. ಕಡಲೆಕಾಳಿನಷ್ಟು ಸಣ್ಣ ಚುಕ್ಕೆಗಳಾದರೆ ಮರುದಿನವೂ ಕಾಣದೆ ಹೋಗಬಹುದು. ಹಾಗಾಗಿ ನಾರ್ಮಲ್ ಸಿಟಿ ಎಂದರೆ ‘ರಕ್ತಸ್ರಾವ ಇಲ್ಲ’ ಎಂದು ಓದಿಕೊಳ್ಳಿ, ‘ಏನೂ ಆಗಿಲ್ಲ’ ಎಂದಲ್ಲ.

‘ಅರ್ಧ ಗಂಟೆಯಲ್ಲಿ ಸರಿಹೋಯಿತಲ್ಲ’ ಎಂಬ ಸಮಾಧಾನವೂ ಅಂಥದ್ದೇ. ಹಿಂದೆ 24 ಗಂಟೆಯೊಳಗೆ ಲಕ್ಷಣ ಮಾಯವಾದರೆ ಅದಕ್ಕೆ ಟಿಐಎ ಎಂದು ಹೆಸರಿಟ್ಟು, ಮೆದುಳಿಗೆ ಪೆಟ್ಟಾಗಿಲ್ಲ ಎಂದುಕೊಳ್ಳುತ್ತಿದ್ದೆವು. ಹಾಗೆ ಪೂರ್ತಿ ಚೇತರಿಸಿಕೊಂಡವರಿಗೆ ಡಿಫ್ಯೂಷನ್ ಎಂಆರ್‌ಐ ಮಾಡಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಹೊಸ ಗಾಯದ ಚುಕ್ಕೆಗಳು ಸಿಕ್ಕವು. ಅದಕ್ಕೇ 2009ರಲ್ಲಿ ಅಮೆರಿಕದ ತಜ್ಞರ ಸಂಘ ಗಡಿಯಾರವನ್ನು ಬಿಟ್ಟು ಮೆದುಳಿನ ಅಂಗಾಂಶಕ್ಕೆ ಏನಾಗಿದೆ ಎಂಬುದರ ಮೇಲೆ ವ್ಯಾಖ್ಯೆಯನ್ನೇ ಬದಲಿಸಿತು. ಆ ಲೆಕ್ಕದಲ್ಲಿ ನಿಮ್ಮ ತಂದೆಗೆ ಆಗಿರುವುದು ಸಣ್ಣ ಸ್ಟ್ರೋಕ್. ಕೈ ಮತ್ತು ಮಾತು ವಾಪಸು ಬಂದದ್ದು ಅವರ ಪುಣ್ಯ. ಇಂಥ ಎಚ್ಚರಿಕೆಯ ನಂತರ ದೊಡ್ಡ ಪೆಟ್ಟು ಬೀಳುವ ಸಾಧ್ಯತೆ ಮೊದಲ ಎರಡು ದಿನ ಅತಿ ಹೆಚ್ಚು, ನಂತರದ ವಾರಗಳಲ್ಲೂ ಕಡಿಮೆಯೇನಲ್ಲ.

ಇನ್ನು ಆ ಡಿಫ್ಯೂಷನ್ ಎಂದರೇನು ನೋಡೋಣ. ಎಂಆರ್‌ಐ ನೋಡುವುದು ಮುಖ್ಯವಾಗಿ ನೀರನ್ನು, ಅಂದರೆ ನೀರಿನಲ್ಲಿರುವ ಹೈಡ್ರೋಜನ್ನನ್ನು. ಇದರಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣ ಇಲ್ಲ. ಇರುವುದು ಬಲವಾದ ಅಯಸ್ಕಾಂತ, ರೇಡಿಯೋ ತರಂಗ ಮತ್ತು ಕಿವಿಗಡಚಿಕ್ಕುವ ಸದ್ದು. ‘ಪದೇ ಪದೇ ಹಾಕಬೇಡಿ’ ಎಂಬ ಭಯ ಸಿಟಿಯ ವಿಷಯದಲ್ಲಾದರೆ ಒಂದಿಷ್ಟು ಒಪ್ಪಬಹುದು, ಎಂಆರ್‌ಐಗೆ ಅನ್ವಯಿಸುವುದಿಲ್ಲ.

ನಮ್ಮ ದೇಹದ ನೀರಿನ ಅಣುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ದಿಕ್ಕುದೆಸೆಯಿಲ್ಲದೆ ಅಲುಗಾಡುತ್ತಲೇ ಇರುತ್ತವೆ. ಡಿಫ್ಯೂಷನ್ ಸ್ಕ್ಯಾನ್‌ನಲ್ಲಿ ಯಂತ್ರ ಅಯಸ್ಕಾಂತ ಕ್ಷೇತ್ರಕ್ಕೆ ಎರಡು ಬಾರಿ ಮಿಡಿತ ಕೊಡುತ್ತದೆ. ಮೊದಲ ಮಿಡಿತ ಪ್ರತಿ ಅಣುವಿಗೂ ಅದು ಇರುವ ಜಾಗದ ಗುರುತು ಹಾಕುತ್ತದೆ, ಎರಡನೆಯದು ಆ ಗುರುತನ್ನು ಅಳಿಸುತ್ತದೆ. ನಡುವೆ ಅಣು ಅಲ್ಲೇ ಇದ್ದರೆ ಗುರುತು ಪೂರ್ತಿ ಅಳಿಸಿ ಸಂಕೇತ ಜೋರಾಗಿ ಬರುತ್ತದೆ, ಸರಿದಿದ್ದರೆ ಕ್ಷೀಣಿಸುತ್ತದೆ. ಈ ಎರಡು ಮಿಡಿತಗಳ ಉಪಾಯವನ್ನು 1965ರಲ್ಲಿ ಸ್ಟೆಸ್ಕಲ್ ಮತ್ತು ಟ್ಯಾನರ್ ಎಂಬ ವಿಜ್ಞಾನಿಗಳು ತೋರಿಸಿದ್ದರು. ಫ್ರಾನ್ಸಿನ ಡೆನಿ ಲೆ ಬಿಹಾನ್ ಅದನ್ನು 1986ರಲ್ಲಿ ಮನುಷ್ಯನ ಮೆದುಳಿನ ಚಿತ್ರಕ್ಕೆ ತಂದರು. 1990ರಲ್ಲಿ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕಿನ ಮೆದುಳಿನ ರಕ್ತನಾಳ ಮುಚ್ಚಿ ನೋಡಿದಾಗ, ಬೇರೆ ಎಂಆರ್‌ಐ ಚಿತ್ರಗಳು ಇನ್ನೂ ಏನೂ ತೋರಿಸದ ಹೊತ್ತಿಗೇ ಡಿಫ್ಯೂಷನ್ ಚಿತ್ರ ಬೆಳ್ಳಗಾಗಿತ್ತು. ಸ್ಟ್ರೋಕ್ ಚಿಕಿತ್ಸೆಯ ದಿಕ್ಕು ಬದಲಾದದ್ದು ಅಲ್ಲಿಂದ.

ಬೆಳ್ಳಗಾಗುವುದು ಯಾಕೆ? ರಕ್ತ ನಿಂತರೆ ಜೀವಕೋಶಕ್ಕೆ ಶಕ್ತಿ ಸಿಗುವುದಿಲ್ಲ. ಸೋಡಿಯಂ ಹೊರಹಾಕುವ ಪಂಪು ಕೆಲವೇ ನಿಮಿಷಗಳಲ್ಲಿ ಸೋಲುತ್ತದೆ, ಸೋಡಿಯಂ ಹಿಂದೆ ನೀರೂ ಒಳನುಗ್ಗಿ ಕೋಶ ಉಬ್ಬುತ್ತದೆ. ಕೋಶಗಳ ನಡುವಿನ ಜಾಗ ಇರುಕಾಗಿ ನೀರಿನ ಓಡಾಟಕ್ಕೆ ತಡೆ ಬೀಳುತ್ತದೆ. ನಿಮ್ಮ ವರದಿಯ ‘ರಿಸ್ಟ್ರಿಕ್ಷನ್’ ಇದೇ.

ಆದರೆ ಬಿಳಿ ಕಂಡದ್ದೆಲ್ಲ ಸ್ಟ್ರೋಕ್ ಅಲ್ಲ. ನಾವು ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇವೆ. ಒಂದು ಡಿಫ್ಯೂಷನ್ ಚಿತ್ರ, ಇನ್ನೊಂದು ನೀರಿನ ಚಲನೆಯನ್ನು ಲೆಕ್ಕ ಹಾಕಿ ತೆಗೆದ ಎಡಿಸಿ ನಕ್ಷೆ. ಆರೋಗ್ಯವಂತ ಮೆದುಳಿನಲ್ಲಿ ಆ ಲೆಕ್ಕ ಸೆಕೆಂಡಿಗೆ 0.0008 ಚದರ ಮಿಲಿಮೀಟರ್ ಆಸುಪಾಸು ಇರುತ್ತದೆ. ಮೆದುಳಿನ ಸುತ್ತಲಿನ ದ್ರವದಲ್ಲಿ ತಡೆಯೇ ಇಲ್ಲವಾದ್ದರಿಂದ 0.003ರ ಹತ್ತಿರ. ಹೊಸ ಸ್ಟ್ರೋಕ್ ಆದ ಜಾಗದಲ್ಲಿ ಇದು ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಅರ್ಧದಷ್ಟು ಇಳಿಯುತ್ತದೆ. ಡಿಫ್ಯೂಷನ್‌ನಲ್ಲಿ ಬಿಳಿ, ಅದೇ ಜಾಗ ಎಡಿಸಿಯಲ್ಲಿ ಕಪ್ಪು. ಎರಡೂ ಕೂಡಿದರೆ ಮಾತ್ರ ‘ಹೊಸದು’ ಎಂದು ಬರೆಯುತ್ತೇವೆ. ಎಡಿಸಿಯಲ್ಲಿ ಕಪ್ಪಿಲ್ಲದ ಬಿಳಿ ಹಳೆಯ ಗಾಯದ ಹೊಳಪಾಗಿರಬಹುದು. ಕೀವುಗಟ್ಟಿದ ಗಡ್ಡೆ, ಕೆಲವು ಟ್ಯೂಮರ್, ಆಗಷ್ಟೇ ಬಂದುಹೋದ ಮೂರ್ಛೆ, ಸಕ್ಕರೆ ತೀರಾ ಕೆಳಗಿಳಿದದ್ದು ಇವೂ ಎರಡು ನಕ್ಷೆಗಳಲ್ಲಿ ಹೀಗೇ ಕಾಣಬಹುದು. ಆಗ ಚುಕ್ಕೆಯ ಜಾಗ, ಆಕಾರ, ರೋಗಿಯ ಕಥೆ ಕೈಹಿಡಿಯುತ್ತವೆ. ಇನ್ನೊಂದು ಮಾತು, ಮೆದುಳಿನ ಬುಡದಲ್ಲಿ ಆದ ಸಣ್ಣ ಸ್ಟ್ರೋಕ್ ಮೊದಲ ದಿನ ಡಿಫ್ಯೂಷನ್‌ಗೂ ಸಿಗದೆ ತಪ್ಪಿಸಿಕೊಳ್ಳುವುದುಂಟು.

ಎಡಿಸಿ ಕಪ್ಪು ಸುಮಾರು ಒಂದು ವಾರದಿಂದ ಹತ್ತು ದಿನ ಉಳಿದು, ಮತ್ತೆ ಮಾಮೂಲಿಗೆ ಬಂದು, ಆಮೇಲೆ ಬೆಳ್ಳಗಾಗುತ್ತದೆ. ನೀವು ಮೂರನೇ ದಿನವೇ ಮಾಡಿಸಿದ್ದು ಒಳ್ಳೆಯದಾಯಿತು. ‘ನಾಟಿ ಔಷಧ ನೋಡೋಣ’ ಎಂದು ತಿಂಗಳು ಕಳೆದಿದ್ದರೆ ಆ ಚುಕ್ಕೆಗಳು ಹೊಸವೋ ಹಳೆಯವೋ ಎಂದು ನಾನೂ ತಲೆ ಕೆರೆದುಕೊಳ್ಳಬೇಕಿತ್ತು. ಪಾರಿವಾಳದ ರಕ್ತ ಹಚ್ಚಿಸಿಕೊಂಡು ಬರುವವರನ್ನು ನಮ್ಮ ಕಡೆ ಈಗಲೂ ನೋಡುತ್ತೇನೆ. ಬೈಯುವುದಿಲ್ಲ, ಆದರೆ ಕಳೆದುಹೋದ ಗಂಟೆಗಳ ಲೆಕ್ಕ ಮಾತ್ರ ಅವರಿಗೆ ಹೇಳುತ್ತೇನೆ.

ನಿಮ್ಮ ವರದಿಯಲ್ಲಿ ನನ್ನ ಕಣ್ಣು ನಿಂತದ್ದು ‘ಗಡಿ ವಲಯ’ ಎಂಬಲ್ಲಿ. ಮೆದುಳಿನ ಒಂದೊಂದು ದೊಡ್ಡ ರಕ್ತನಾಳಕ್ಕೂ ಒಂದೊಂದು ಸೀಮೆ ಇದೆ. ಎರಡು ಸೀಮೆಗಳು ಕೂಡುವ ಅಂಚಿಗೆ ರಕ್ತ ಕೊನೆಯಲ್ಲಿ, ಕಡಿಮೆ ಒತ್ತಡದಲ್ಲಿ ತಲುಪುತ್ತದೆ. ಕಾಲುವೆ ನೀರು ಕಂಡ ನಿಮಗೆ ಇದನ್ನು ವಿವರಿಸಬೇಕಿಲ್ಲ. ಮುಖ್ಯ ತೂಬಿನಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಯಂಚಿನ ಹೊಲ. ಕುತ್ತಿಗೆಯ ಕೆರೋಟಿಡ್ ಆ ತೂಬು, ಗಡಿ ವಲಯ ಆ ಹೊಲ. ಕುತ್ತಿಗೆಯಲ್ಲಿ 80 ಶೇಕಡಾ ಕಿರಿದು, ಗಡಿಯಲ್ಲಿ ಸಾಲು ಚುಕ್ಕೆ, ಎರಡೂ ಎಡಗಡೆಯೇ. ಅಲ್ಲಿಂದ ಸಣ್ಣ ಹೆಪ್ಪುಗಳು ಸಿಡಿದು ಹೋಗಿರಬಹುದು, ರಕ್ತದ ಹರಿವೇ ಸಾಲದೆ ಹೋಗಿರಬಹುದು, ಎರಡೂ ಸೇರಿರಲೂಬಹುದು. ಬೆಳಗಾವಿಯ ವೈದ್ಯರು ಪರ್ಫ್ಯೂಷನ್ ಕೇಳಿದ್ದು ಇದನ್ನು ತಿಳಿಯಲಿಕ್ಕೆ. ಆದ್ದರಿಂದ ಇದು ಅದೇ ಎಂಆರ್‌ಐ ಮತ್ತೊಮ್ಮೆ ಮಾಡಿದಂತಲ್ಲ. ಡಿಫ್ಯೂಷನ್ ಹೇಳಿದ್ದು ಯಾವ ಜಾಗಕ್ಕೆ ಪೆಟ್ಟಾಗಿದೆ ಎಂದು. ಪರ್ಫ್ಯೂಷನ್ ಹೇಳುವುದು ಉಳಿದ ಜಾಗಕ್ಕೆ ಈಗ ರಕ್ತ ಎಷ್ಟು ಸೇರುತ್ತಿದೆ ಎಂದು.

ಅದರಲ್ಲಿ ಅಳೆಯುವುದು ಮೂರು ಸಂಗತಿ: ನಿಮಿಷಕ್ಕೆ ಹರಿಯುವ ರಕ್ತ, ಆ ಜಾಗದ ನಾಳಗಳಲ್ಲಿ ತುಂಬಿಕೊಂಡಿರುವ ರಕ್ತ, ಒಳಬಂದ ರಕ್ತ ಹೊರಹೋಗಲು ತಗಲುವ ಸರಾಸರಿ ಸಮಯ. ಆರೋಗ್ಯವಂತ ಮೆದುಳಿನ 100 ಗ್ರಾಂ ಭಾಗಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿ ರಕ್ತ ಬೇಕು. ಅದು 20ರ ಕೆಳಗಿಳಿದರೆ ಕೈಕಾಲು, ಮಾತು ಕೈಕೊಡುತ್ತವೆ, ಕೋಶ ಮಾತ್ರ ಇನ್ನೂ ಬದುಕಿರುತ್ತದೆ. 10ರ ಆಸುಪಾಸಿಗೆ ಇಳಿದರೆ ಸಾಯುತ್ತದೆ. ತೂಬು ಕಿರಿದಾದಾಗ ಮೆದುಳು ಕೈಕಟ್ಟಿ ಕೂರುವುದಿಲ್ಲ. ತನ್ನ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಹರಿವನ್ನು ಸರಿದೂಗಿಸುತ್ತದೆ. ಆಗ ತುಂಬಿಕೊಂಡ ರಕ್ತ ಹೆಚ್ಚುತ್ತದೆ, ಸಮಯ ಉದ್ದವಾಗುತ್ತದೆ, ಹರಿವು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಿಗ್ಗುವ ಶಕ್ತಿ ಮುಗಿದ ಮೇಲೆ ಹರಿವೂ ಕುಸಿಯುತ್ತದೆ. ಈ ಎರಡು ಹಂತಗಳಲ್ಲಿ ನಿಮ್ಮ ತಂದೆ ಎಲ್ಲಿದ್ದಾರೆ ಎಂಬುದು ಪರ್ಫ್ಯೂಷನ್‌ನ ಪ್ರಶ್ನೆ.

ಇಲ್ಲೊಂದು ಎಚ್ಚರಿಕೆ. ಪರ್ಫ್ಯೂಷನ್ ನಕ್ಷೆ ಬಣ್ಣಬಣ್ಣದ್ದು, ಸಮಯದ ನಕ್ಷೆಯಲ್ಲಿ ತಡವಾದ ಜಾಗಕ್ಕೆ ಸಾಮಾನ್ಯವಾಗಿ ಕೆಂಪು ಬಳಿದಿರುತ್ತದೆ. ಕೆರೋಟಿಡ್ ಕಿರಿದಾದವರಲ್ಲಿ ಆ ಬದಿಯ ಮೆದುಳಿಗೆ ಮೆದುಳೇ ಕೆಂಪಾಗಿ ಕಂಡು ಮನೆಯವರು ಕಂಗಾಲಾಗುತ್ತಾರೆ. ರಕ್ತ ತಡವಾಗಿ ಬಂದಿದೆ ಎಂಬುದು ನಿಜ, ಆದರೆ ತಡವಾದರೂ ಸಾಕಷ್ಟು ಬರುತ್ತಿರಬಹುದು. ಅದನ್ನು ಹರಿವಿನ ನಕ್ಷೆಯ ಜೊತೆ ಇಟ್ಟೇ ಓದಬೇಕು. ಫಿಲ್ಮ್‌ನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಕಡೆ ಕಳಿಸಿ ಅಭಿಪ್ರಾಯ ಕೇಳುವವರಿಗೆ ಈ ಮಾತು ಮುಖ್ಯವಾಗಿ ಹೇಳಬೇಕು. ಫೋಟೊದಲ್ಲಿ ಅಳತೆ ತೆಗೆಯಲು ಬರುವುದಿಲ್ಲ. ಹಳೆಯ ಎಂಆರ್‌ಐನ ಸಿಡಿ ಕೇಳಿ ಪಡೆದು ಬೆಳಗಾವಿಗೆ ಒಯ್ಯಿರಿ, ಡಿಫ್ಯೂಷನ್ ಭಾಗ ಮತ್ತೆ ಮಾಡುವ ಖರ್ಚೂ ಉಳಿಯಬಹುದು.

ಈಗ ಇಂಜೆಕ್ಷನ್. ಮನೆಯವರು ಹೇಳುವ ‘ಬಣ್ಣದ ಔಷಧ’ದ ಭಯ ಹುಟ್ಟಿದ್ದು ಸಿಟಿಗೆ ಮತ್ತು ಹೃದಯದ ಆಂಜಿಯೋಗ್ರಾಂಗೆ ಕೊಡುವ ಅಯೋಡಿನ್ ಔಷಧದಿಂದ. ಎಂಆರ್‌ಐಗೆ ಕೊಡುವುದು ಗ್ಯಾಡೋಲಿನಿಯಂ ಎಂಬ ಲೋಹದ ಔಷಧ, ಅದು ಬೇರೆಯೇ ವಸ್ತು. ಕಿಡ್ನಿ ಪೂರ್ತಿ ಸೋತವರಲ್ಲಿ ಗ್ಯಾಡೋಲಿನಿಯಂ ನಂತರ ಚರ್ಮ ಕಲ್ಲಿನಂತೆ ಗಟ್ಟಿಯಾಗುವ ವಿರಳ ಕಾಯಿಲೆಯೊಂದು ಬಂದದ್ದು 2006ರಲ್ಲಿ ಗೊತ್ತಾಯಿತು. ಅದು ಬಹುಪಾಲು ಹಳೆಯ ಬಗೆಯ, ಲೋಹವನ್ನು ಸಡಿಲವಾಗಿ ಹಿಡಿದಿರುವ ಔಷಧಗಳಿಂದ ಆದದ್ದು. ಲೋಹವನ್ನು ಉಂಗುರದೊಳಗೆ ಬಿಗಿದು ಕೂರಿಸಿದ ಮ್ಯಾಕ್ರೋಸೈಕ್ಲಿಕ್ ಬಗೆಗಳಲ್ಲಿ, ಅಂದರೆ ಗ್ಯಾಡೋಬ್ಯುಟ್ರಾಲ್, ಗ್ಯಾಡೋಟೆರೇಟ್, ಗ್ಯಾಡೋಟೆರಿಡಾಲ್‌ಗಳಲ್ಲಿ ಆ ಅಪಾಯ ತೀರಾ ಕಡಿಮೆ. ಯುರೋಪಿನ ಔಷಧ ನಿಯಂತ್ರಕರು 2017ರಲ್ಲಿ ಹಳೆಯ ಬಗೆಯವುಗಳ ಬಳಕೆಯನ್ನು ಬಹುತೇಕ ತಡೆಹಿಡಿದರು. ಪದೇ ಪದೇ ಕೊಟ್ಟಾಗ ಗ್ಯಾಡೋಲಿನಿಯಂನ ಅತಿ ಸಣ್ಣ ಅಂಶ ಮೆದುಳಿನಲ್ಲಿ ಉಳಿಯುವುದು ಕಂಡಿದೆ. ಅದರಿಂದ ಹಾನಿಯಾದ ಪುರಾವೆ ಸಿಕ್ಕಿಲ್ಲ, ಆದರೂ ಅಗತ್ಯವಿದ್ದಾಗ ಮಾತ್ರ ಕೊಡಬೇಕು ಎನ್ನುವುದಕ್ಕೆ ಅದೂ ಒಂದು ಕಾರಣ.

ಕಿಡ್ನಿಯ ಲೆಕ್ಕಕ್ಕೆ ಕ್ರಿಯಾಟಿನಿನ್ ಒಂದನ್ನೇ ನೋಡಬಾರದು. ವಯಸ್ಸು, ಗಂಡು-ಹೆಣ್ಣು ಸೇರಿಸಿ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ ಎಂಬ ಅಂಕಿ ತೆಗೆಯುತ್ತಾರೆ. 62ರ ಗಂಡಸಿಗೆ 1.6 ಎಂದರೆ ಈಗಿನ ಸೂತ್ರದಲ್ಲಿ ಸುಮಾರು 48 ಬರುತ್ತದೆ. ನಾವು ಹಿಂಜರಿಯುವುದು ಅದು 30ರ ಕೆಳಗಿದ್ದಾಗ, ಡಯಾಲಿಸಿಸ್ ಮೇಲಿದ್ದಾಗ, ಅಥವಾ ಈಚಿನ ದಿನಗಳಲ್ಲಿ ಏಕಾಏಕಿ ಕೆಟ್ಟಿದ್ದಾಗ. ಸ್ಕ್ಯಾನ್‌ಗೆ ಮೊದಲು ಕ್ರಿಯಾಟಿನಿನ್ ಇನ್ನೊಮ್ಮೆ ಮಾಡಿಸಿ, ಅದು ಏರುತ್ತಿಲ್ಲ ಎಂದು ಖಾತ್ರಿಪಡಿಸಿಕೊಳ್ಳಿ. ಕೊಡುವುದು ಮ್ಯಾಕ್ರೋಸೈಕ್ಲಿಕ್ ಹೌದೇ ಎಂದು ಕೇಳಿ. ಹಿಂದೆ ಇಂಥ ಇಂಜೆಕ್ಷನ್‌ಗೆ ಮೈ ದದ್ದೆದ್ದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಿ.

ಪರೀಕ್ಷೆಯ ಆ ಭಾಗ ಎರಡು ನಿಮಿಷದ್ದು. ಮೊಣಕೈ ಮಡಚುವಲ್ಲಿ ಸ್ವಲ್ಪ ದಪ್ಪ ಸೂಜಿ ಹಾಕಿ, ಪಂಪಿನಿಂದ ಸೆಕೆಂಡಿಗೆ 4-5 ಮಿಲಿ ವೇಗದಲ್ಲಿ ಔಷಧ, ಬೆನ್ನಿಗೇ ಸಲೈನ್ ಬಿಡುತ್ತಾರೆ. ಯಂತ್ರ ಒಂದೂವರೆ ಸೆಕೆಂಡಿಗೊಮ್ಮೆ ಇಡೀ ಮೆದುಳಿನ ಚಿತ್ರ ತೆಗೆಯುತ್ತಾ ಹೋಗುತ್ತದೆ. ಔಷಧ ಹಾದುಹೋಗುವಾಗ ಸಂಕೇತ ಕುಸಿದು ಮತ್ತೆ ಏಳುತ್ತದೆ. ಆ ಕುಸಿತ ಎಷ್ಟು ಆಳ, ಎಷ್ಟು ತಡ ಎಂಬುದರಿಂದಲೇ ಎಲ್ಲ ಲೆಕ್ಕ. ತೆಳ್ಳಗಿನ ರಕ್ತನಾಳಕ್ಕೆ ಆ ವೇಗ ತಡೆಯದೆ ಔಷಧ ಹೊರಗೆ ಸೋರಿ ಕೈ ಊದುವುದು ನಾವು ದಿನನಿತ್ಯ ಹೆಚ್ಚು ಕಾಣುವ ತೊಂದರೆ. ಉರಿ ಎನಿಸಿದ ಕೂಡಲೇ ಕೈಯಲ್ಲಿರುವ ಗಂಟೆ ಒತ್ತಲು ತಂದೆಗೆ ಹೇಳಿಕೊಡಿ. ಪೇಸ್‌ಮೇಕರ್, ಹಳೆಯ ಆಪರೇಷನ್ನಿನ ಕ್ಲಿಪ್, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇದ್ದರೆ ಒಳಗೆ ಹೋಗುವ ಮೊದಲೇ ತಿಳಿಸಲೇಬೇಕು.

ಇಂಜೆಕ್ಷನ್ ಇಲ್ಲದೆ ಆಗುವುದಿಲ್ಲವೇ? ಆಗುತ್ತದೆ. ಎಎಸ್‌ಎಲ್ ಎಂಬ ವಿಧಾನ 1992ರಿಂದ ಇದೆ. ಕುತ್ತಿಗೆಯಲ್ಲಿ ಮೇಲಕ್ಕೆ ಹರಿಯುವ ರಕ್ತದ ನೀರಿಗೇ ರೇಡಿಯೋ ತರಂಗದಿಂದ ಗುರುತು ಹಾಕಿ, ಸುಮಾರು 2 ಸೆಕೆಂಡ್ ಕಾದು, ಮೆದುಳಿಗೆ ಅದು ಎಷ್ಟು ತಲುಪಿತು ನೋಡುತ್ತಾರೆ. ಸೂಜಿ ಇಲ್ಲ, ಔಷಧ ಇಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು. ತೊಡಕಿರುವುದು ನಿಮ್ಮ ತಂದೆಯಂಥವರಲ್ಲೇ. ಆ ಗುರುತು ಕೆಲವೇ ಸೆಕೆಂಡುಗಳಲ್ಲಿ ಮಾಸಿಹೋಗುತ್ತದೆ. ನಾಳ ಕಿರಿದಾಗಿ ರಕ್ತ ತಡವಾಗಿ ಬಂದರೆ, ಗುರುತು ಮೆದುಳು ಮುಟ್ಟುವಷ್ಟರಲ್ಲಿ ಅರ್ಧ ಅಳಿಸಿರುತ್ತದೆ. ಹರಿವು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಕಾಯುವ ಸಮಯ ಹೆಚ್ಚಿಸಿ, ಬೇರೆ ಬೇರೆ ಸಮಯಕ್ಕೆ ತೆಗೆದು ಇದನ್ನು ಒಂದಷ್ಟು ಸರಿಪಡಿಸಬಹುದು. ಅಯಸ್ಕಾಂತದ ಬಲ 3 ಟೆಸ್ಲಾ ಇರುವ ಯಂತ್ರದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, 1.5 ಟೆಸ್ಲಾದಲ್ಲಿ ಮಸುಕು. ಆ ತಂತ್ರಾಂಶ ಇದೆಯೇ, ಓದಿ ಅಭ್ಯಾಸ ಇದೆಯೇ ಎಂದು ಸ್ಕ್ಯಾನ್ ಕೇಂದ್ರದಲ್ಲಿ ಮೊದಲೇ ವಿಚಾರಿಸಿ. ಇನ್ನೊಂದು ದಾರಿ ಸಿಟಿ ಪರ್ಫ್ಯೂಷನ್. ಬೇಗ ಆಗುತ್ತದೆ, ಕುತ್ತಿಗೆಯ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳ ಚಿತ್ರ ಕೂಡ ಒಟ್ಟಿಗೇ ಸಿಗುತ್ತದೆ. ಆದರೆ ವಿಕಿರಣವೂ ಇದೆ, ಅಯೋಡಿನ್ನೂ ಬೇಕು.

ಇಷ್ಟೆಲ್ಲ ಆದ ಮೇಲೆ ನಾನು ಯಾವುದೇ ಪರೀಕ್ಷೆಗೆ ಕೇಳುವ ಪ್ರಶ್ನೆ: ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ದೊಡ್ಡ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಕೈಕಾಲು ಬಿದ್ದುಹೋದ ರೋಗಿಯಲ್ಲಿ ಖಂಡಿತ ಬದಲಾಗುತ್ತದೆ. ಡಿಫ್ಯೂಷನ್ ತೋರಿಸಿದ ಸತ್ತ ಜಾಗ ಚಿಕ್ಕದು, ಪರ್ಫ್ಯೂಷನ್ ತೋರಿಸಿದ ಹಸಿದ ಜಾಗ ದೊಡ್ಡದು ಎಂದಾದರೆ 6 ಗಂಟೆ ದಾಟಿದ ಮೇಲೂ ಹೆಪ್ಪು ಎಳೆದು ತೆಗೆಯಬಹುದು. 2018ರಲ್ಲಿ ಪ್ರಕಟವಾದ ಡಿಫ್ಯೂಸ್ 3 ಅಧ್ಯಯನ 16 ಗಂಟೆಯವರೆಗೆ ಇದನ್ನು ಸಾಬೀತುಮಾಡಿತು. ಅದೇ ವರ್ಷದ ಡಾನ್ ಅಧ್ಯಯನ ಸತ್ತ ಜಾಗದ ಗಾತ್ರವನ್ನು ರೋಗಿಯ ಲಕ್ಷಣಗಳ ಜೊತೆ ತೂಗಿ ನೋಡಿ 24 ಗಂಟೆಯವರೆಗೆ ಸಾಬೀತುಮಾಡಿತು. ನಿಮ್ಮ ತಂದೆಯದು ಆ ಪರಿಸ್ಥಿತಿ ಅಲ್ಲ.

ಲಕ್ಷಣ ತೋರಿಸಿದ ಕೆರೋಟಿಡ್ 70 ಶೇಕಡಾಕ್ಕಿಂತ ಹೆಚ್ಚು ಕಿರಿದಾಗಿದ್ದರೆ, ಅದನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸುವುದರ ಲಾಭ 1991ರಲ್ಲೇ ಗೊತ್ತಾಗಿದೆ. ಉತ್ತರ ಅಮೆರಿಕದ ಆ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಅದೇ ಬದಿಗೆ ಸ್ಟ್ರೋಕ್ ಆದವರು ಬರೀ ಔಷಧಿಯಲ್ಲಿ 26 ಶೇಕಡಾ, ಆಪರೇಷನ್ ಆದವರಲ್ಲಿ 9 ಶೇಕಡಾ. ಇಂದಿನ ಔಷಧಿಗಳು ಅಂದಿಗಿಂತ ಮೇಲು, ಆದರೂ ದಾರಿ ಬದಲಾಗಿಲ್ಲ. ಆ ಲಾಭ ಹೆಚ್ಚು ಸಿಗುವುದು ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದರೆ. ಈ ತೀರ್ಮಾನಕ್ಕೆ ಬೇಕಾದದ್ದು ನಾಳ ನಿಜವಾಗಿ ಎಷ್ಟು ಕಿರಿದಾಗಿದೆ ಎಂಬ ಖಚಿತ ಅಳತೆ. ಡಾಪ್ಲರ್ ಮಾಡುವವರ ಕೈ ಮೇಲೆ ಹೋಗುವ ಪರೀಕ್ಷೆಯಾದ್ದರಿಂದ ಸಿಟಿ ಅಥವಾ ಎಂಆರ್ ಆಂಜಿಯೋದಿಂದ ಅದನ್ನು ಖಾತ್ರಿ ಮಾಡಿಕೊಳ್ಳಬೇಕು. ಆಪರೇಷನ್ನಿಗೂ ಸ್ಟೆಂಟಿಗೂ ತಮ್ಮದೇ ಅಪಾಯ ಇದೆ, ಮಾಡುವಾಗಲೇ ಸ್ಟ್ರೋಕ್ ಆಗುವ ಸಣ್ಣ ಸಾಧ್ಯತೆಯೂ ಸೇರಿ. ಅದನ್ನು ಸರ್ಜನ್‌ರ ಬಾಯಿಂದಲೇ, ಅವರ ಸ್ವಂತ ಅಂಕಿಅಂಶಗಳೊಂದಿಗೆ ಕೇಳಿ.

ಹಾಗಾದರೆ ಪರ್ಫ್ಯೂಷನ್ ಎಲ್ಲಿ ನೆರವಾಗುತ್ತದೆ? ಹಿಗ್ಗುವ ಶಕ್ತಿ ಮುಗಿದ ಮೆದುಳಾದರೆ ಬಿಪಿಯನ್ನು ಎಷ್ಟು ಇಳಿಸಬಹುದು ಎಂಬುದಕ್ಕೆ. ನಾಳ ಬಿಡಿಸಿದ ಮೇಲೆ ರಕ್ತ ಒಮ್ಮೆಲೇ ನುಗ್ಗಿ ತಲೆನೋವು, ಫಿಟ್ಸ್, ರಕ್ತಸ್ರಾವ ಆಗುವ ಸಾಧ್ಯತೆ ಯಾರಿಗೆ ಹೆಚ್ಚು ಎಂದು ಮೊದಲೇ ಅಂದಾಜು ಮಾಡುವುದಕ್ಕೆ. ಬೆಲೆಯುಳ್ಳ ಮಾಹಿತಿ ಇದು. ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ: ಕುತ್ತಿಗೆಯ ಎಂಆರ್ ಆಂಜಿಯೋ ಮತ್ತು ಪರ್ಫ್ಯೂಷನ್ ಒಂದೇ ಸಲ, ಒಂದೇ ಟೇಬಲ್ ಮೇಲೆ ಮುಗಿಸಿ ಎಂದು ಕೇಳುತ್ತಿದ್ದೆ. ಪರ್ಫ್ಯೂಷನ್‌ಗೆ ಒಂದು ವಾರದ ನಂತರದ ತಾರೀಖು ಕೊಟ್ಟರೆ, ಅದನ್ನು ಬಿಟ್ಟು ಆಂಜಿಯೋ ಮಾಡಿಸಿಕೊಂಡು ಸರ್ಜನ್ ಬಳಿ ಹೋಗುತ್ತಿದ್ದೆ. ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯ ಕರ್ನಾಟಕ ಕೌಂಟರಿನಲ್ಲಿ ಯಾವುದಕ್ಕೆ ನೆರವು ಸಿಗುತ್ತದೆಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ.

ತೋಟದ ಮಾತು. ನಾಳದ ತೀರ್ಮಾನ ಆಗುವವರೆಗೆ ಬೈಕ್ ಓಡಿಸುವುದು, ಒಬ್ಬರೇ ರಾತ್ರಿ ಪಂಪ್‌ಸೆಟ್‌ಗೆ ಹೋಗುವುದು, ಬಿಸಿಲಿನಲ್ಲಿ ದುಡಿಯುವುದು ಬೇಡ. ಸಲಹೆಯಂತೆ ಕೊಟ್ಟ ರಕ್ತ ತೆಳುಮಾಡುವ ಮಾತ್ರೆ ಒಂದು ದಿನವೂ ತಪ್ಪಬಾರದು. ಬಿಪಿ ಮಾತ್ರೆಯನ್ನು ಹೆದರಿ ನೀವೇ ಎರಡು ಪಟ್ಟು ಮಾಡಬೇಡಿ. ಕಿರಿದಾದ ನಾಳದ ಹಿಂದಿರುವ ಮೆದುಳಿಗೆ ಬಿಪಿ ಏಕಾಏಕಿ ಇಳಿಯುವುದೂ ಅಪಾಯವೇ. ಅದೇ ಕಾರಣಕ್ಕೆ ನಿರ್ಜಲ ಉಪವಾಸ ಮಾಡುವ ರೂಢಿ ಇದ್ದರೆ ಸದ್ಯಕ್ಕೆ ನಿಲ್ಲಿಸಲಿ, ವಾಂತಿಭೇದಿ ಆದರೆ ಕಡೆಗಣಿಸಬೇಡಿ. ಮತ್ತೆ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ‘ಅರ್ಧ ಗಂಟೆ ನೋಡೋಣ’ ಎನ್ನದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ಜಮಖಂಡಿಯಿಂದ ವಿಜಯಪುರ ಹತ್ತಿರ, ಬೆಳಗಾವಿ ದೂರ. ಸಿಟಿ ಮತ್ತು ಆ ಇಂಜೆಕ್ಷನ್ ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ, ಮತ್ತು ತಂದೆಯನ್ನು ಕೊನೆಯ ಬಾರಿ ಸರಿಯಾಗಿ ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನು ಅಲ್ಲಿ ಮೊದಲು ಹೇಳಿ.